ಖಾಲಿ ಸೈಟಿನಲ್ಲಿ ಚಪ್ಪರ ಹಾಕೋಣ, ಬನ್ನಿ!

ಬಡಾವಣೆಯ ಹಿರಿಯರೇ, ಸ್ವಂತ ಮನೆಯವರೇ, ಬಾಡಿಗೆಗೆ ಇರುವವರೇ, ಪಿ.ಜಿ.ಗಳಲ್ಲಿರುವ ತಮ್ಮ ತಂಗಿಯರೇ, ದಿನಾ ಬೆಳಗ್ಗೆ ಇಲ್ಲಿಗೆ ಬಂದು ದುಡಿದು ಹೋಗುವ ಅಕ್ಕ ಅಣ್ಣಂದಿರೇ,

ನೀರಿನ ಟ್ಯಾಂಕಿನ ಹಿಂದಿನ ಖಾಲಿ ಸೈಟು ನಿಮಗೆಲ್ಲ ಗೊತ್ತು. ತಂತಿಬೇಲಿ ಅರ್ಧ ಮಲಗಿದೆ. ಒಳಗೆ ಎದೆಯೆತ್ತರ ಪಾರ್ಥೇನಿಯಂ. ಯಾರದೋ ಮನೆ ಒಡೆದ ಡೆಬ್ರಿಸ್ಸು ಒಂದು ಮೂಲೆಯಲ್ಲಿ, ರಾತ್ರಿ ಹೊತ್ತು ಗಾಡಿ ನಿಲ್ಲಿಸಿ ಎಸೆದುಹೋದ ಕಸದ ಚೀಲಗಳು ಇನ್ನೊಂದು ಮೂಲೆಯಲ್ಲಿ. ಚೆಂಡು ಒಳಗೆ ಬಿದ್ದರೆ ಮಕ್ಕಳು ಹಾವಿಗೆ ಹೆದರಿ ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಆ ಬದಿ ಬಿಟ್ಟು ಎದುರು ಬದಿಯಲ್ಲಿ ಬೇಗ ಬೇಗ ನಡೆಯುತ್ತಾರೆ. ಬಡಾವಣೆಯ ನಕ್ಷೆ ತೆಗೆದು ನೋಡಿ: ಆ ಜಾಗದ ಮೇಲೆ ‘ಸಿ.ಎ. ಸೈಟ್’ ಎಂದಿದೆ. ನಾಗರಿಕ ಸೌಕರ್ಯಕ್ಕೆಂದು ಮೀಸಲಿಟ್ಟ ನಿವೇಶನ ಅದು. ನಮ್ಮೆಲ್ಲರ ಸೌಕರ್ಯಕ್ಕೆ.

ಈ ಕರಪತ್ರ ಯಾರನ್ನೂ ದೂರುವುದಕ್ಕಲ್ಲ. ಅಲ್ಲಿ ಒಂದು ದಿನ ಗ್ರಂಥಾಲಯವೋ ಸಮುದಾಯ ಭವನವೋ ಬರಲಿ, ಬರಲೇಬೇಕು. ಆದರೆ ಟೆಂಡರು, ಹಣ, ಮಂಜೂರಾತಿ ಎಲ್ಲ ಕೂಡಿ ಬರುವಷ್ಟರಲ್ಲಿ ಇಂದು ಒಂದನೇ ಕ್ಲಾಸಿನಲ್ಲಿರುವ ಮಗು ಕಾಲೇಜು ಸೇರಿರುತ್ತದೆ. ಅಲ್ಲಿಯವರೆಗೆ ಆ ನೆಲ ಕಸಕ್ಕೆ ಯಾಕೆ ಬಿಟ್ಟುಕೊಡಬೇಕು? ನಾವು ಕೇಳುತ್ತಿರುವುದು ಇಷ್ಟೇ. ಸಂಕ್ರಾಂತಿ ಕಳೆದ ವಾರ ಅಲ್ಲಿ ಒಂದು ಚಪ್ಪರ ಹಾಕೋಣ. ಏಪ್ರಿಲ್ ತಿಂಗಳ ಮೊದಲ ಭಾನುವಾರ ಅದನ್ನು ನಾವೇ ಬಿಚ್ಚೋಣ. ಹಾಕುವ ದಿನದಷ್ಟೇ ಗಟ್ಟಿಯಾಗಿ ಬಿಚ್ಚುವ ದಿನವನ್ನೂ ಇವತ್ತೇ ಹೇಳುತ್ತಿದ್ದೇವೆ. ನಮ್ಮ ಇಡೀ ಯೋಜನೆ ನಿಂತಿರುವುದು ಆ ಎರಡನೇ ದಿನದ ಮೇಲೆ.

ಚಪ್ಪರ ಎಂಥದು ಎಂದು ಕೇಳುತ್ತೀರಿ. ಸುಮಾರು 40×60 ಸೈಟಿನಷ್ಟು ನೆರಳು. ಹತ್ತು ಹತ್ತು ಅಡಿಗೆ ಒಂದರಂತೆ ಸರ್ವೆ ಮರದ ಕಂಬ, ಎರಡು ಅಡಿ ಆಳದ ಗುಂಡಿಯಲ್ಲಿ. ಮೇಲೆ ಬಿದಿರಿನ ಗಳ, ಗಾಳಿಗೆ ಓಲಾಡದಂತೆ ಮೂಲೆಯಿಂದ ಮೂಲೆಗೆ ಅಡ್ಡಗಳ. ಮಾಡಿಗೆ ಹೆಣೆದ ತೆಂಗಿನ ಗರಿ. ಗಂಟು ಕಟ್ಟುವುದು ತೆಂಗಿನ ನಾರಿನ ಹಗ್ಗದಲ್ಲಿ. ಮೊಳೆ ಹೊಡೆಯುವುದಿಲ್ಲ, ಸಿಮೆಂಟು ಸುರಿಯುವುದಿಲ್ಲ. ಮೊಳೆ ಹೊಡೆದ ಕಂಬ ಸೀಳುತ್ತದೆ, ಮಾರಿದರೆ ಸೌದೆಯ ಬೆಲೆ. ಹಗ್ಗ ಬಿಚ್ಚಿದ ಕಂಬ ಕಂಬವಾಗಿಯೇ ಉಳಿಯುತ್ತದೆ, ಮರದ ಡಿಪೋದವರು ವಾಪಸು ಕೊಳ್ಳುತ್ತಾರೆ. ಶಾಮಿಯಾನ ತಂದು ನಿಲ್ಲಿಸಬಹುದಲ್ಲ ಎಂದವರಿದ್ದಾರೆ. ಶಾಮಿಯಾನದ ಬಾಡಿಗೆ ದಿನದ ಲೆಕ್ಕ. ಒಂದು ಮದುವೆಗೆ ಸರಿ, ಹನ್ನೊಂದು ವಾರಕ್ಕೆ ಕೈಗೆ ಎಟುಕದು. ಜೊತೆಗೆ, ಮಾರ್ಚ್ ತಿಂಗಳ ಮಧ್ಯಾಹ್ನ ಬಟ್ಟೆಯ ಕೆಳಗೆ ಕೂತವರಿಗೂ ಗರಿಯ ಕೆಳಗೆ ಕೂತವರಿಗೂ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ.

ಜನವರಿಯಿಂದ ಏಪ್ರಿಲ್ ಆರಂಭದವರೆಗೆ ಎಂದು ಗೊತ್ತು ಮಾಡಿದ್ದಕ್ಕೂ ಕಾರಣವಿದೆ. ಬೆಂಗಳೂರಿನಲ್ಲಿ ಮಳೆ ಕಡಿಮೆ ಇರುವ ತಿಂಗಳುಗಳು ಇವು. ಏಪ್ರಿಲ್ ನಡುವಿನಿಂದ ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾಗುತ್ತದೆ. ಒಂದೇ ಸಂಜೆಯ ಗಾಳಿ ಮರಗಳನ್ನು ಉರುಳಿಸುವ ಊರು ನಮ್ಮದು. ಆ ಗಾಳಿ ಏಳುವುದಕ್ಕೆ ಮೊದಲೇ ನಮ್ಮ ಕಂಬಗಳು ನೆಲದಿಂದ ಹೊರಗೆ ಬಂದಿರಬೇಕು.

ಇನ್ನು ಚಪ್ಪರದ ಕೆಳಗೆ ಏನು? ಬೆಳಗ್ಗೆ ಆರಕ್ಕೆ ವಾಕಿಂಗ್ ಮುಗಿಸಿ ಬರುವ ಹಿರಿಯರಿಗೆ ಕೂರಲು ಬೆಂಚು. ಈಗ ಅವರು ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಕೂರುತ್ತಾರೆ. ಶಟರ್ ಎತ್ತಿದ ಕೂಡಲೇ ಏಳಬೇಕು. ರಸ್ತೆ ಗುಡಿಸಿ ಬರುವ ಪೌರಕಾರ್ಮಿಕ ಅಕ್ಕಂದಿರಿಗೆ ತಿಂಡಿ ತಿನ್ನಲು ನೆರಳು, ಕೈತೊಳೆಯಲು ನೀರು. ನಮ್ಮ ಬೀದಿಗಳನ್ನು ಗುಡಿಸುವವರು ಬೀದಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಚಿತ್ರಾನ್ನ ತಿನ್ನುವುದನ್ನು ನಾವೆಲ್ಲ ನೋಡುತ್ತಾ ಹಾದುಹೋಗುತ್ತಿದ್ದೇವೆ, ಅದು ನಿಲ್ಲಬೇಕು. ಮಧ್ಯಾಹ್ನ ಆರ್ಡರಿಗಾಗಿ ಕಾಯುವ ಡೆಲಿವರಿ ಹುಡುಗರು ಬಿಸಿಲಲ್ಲಿ ಗಾಡಿಯ ಮೇಲೇ ಒರಗಿರುತ್ತಾರೆ. ಅವರಿಗೂ ಇಲ್ಲಿ ಜಾಗ, ಫೋನ್ ಚಾರ್ಜ್ ಮಾಡಲು ನಾಲ್ಕು ಪ್ಲಗ್ ಪಾಯಿಂಟು.

ಸಂಜೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಚಪ್ಪರ ಬೇಕು ಎಂದು ಮೊದಲು ಅನ್ನಿಸಿದ್ದೇ ಈ ಕಾರಣಕ್ಕೆ. ಫೆಬ್ರವರಿ, ಮಾರ್ಚ್ ಎಂದರೆ ಎಸ್‌.ಎಸ್‌.ಎಲ್‌.ಸಿ., ಪಿ.ಯು.ಸಿ. ಪರೀಕ್ಷೆಯ ಕಾಲ. ಕೊನೆಯ ಅಡ್ಡರಸ್ತೆಯ ವಠಾರಗಳಲ್ಲಿ ಒಂದೇ ಕೋಣೆಯ ಮನೆಗಳಿವೆ. ಅಡುಗೆ ಅಲ್ಲೇ, ಟಿ.ವಿ. ಅಲ್ಲೇ, ಅಜ್ಜಿಯ ಕೆಮ್ಮು ಅಲ್ಲೇ, ಓದುವ ಮಗುವೂ ಅಲ್ಲೇ. ಆ ಮಕ್ಕಳು ಬೀದಿದೀಪದ ಕೆಳಗೆ, ದೇವಸ್ಥಾನದ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂರುವುದುಂಟು. ಭಾನುವಾರ ಬಿಟ್ಟು ಉಳಿದ ದಿನ ಆರರಿಂದ ಒಂಬತ್ತರವರೆಗೆ ಚಪ್ಪರದ ಅರ್ಧಭಾಗ ಪೂರ್ತಿ ಅವರಿಗೆ. ಒಳ್ಳೆಯ ಬೆಳಕು, ಮೇಜು, ಮಾತಿಲ್ಲ. ನಮ್ಮಲ್ಲಿ ನಿವೃತ್ತ ಮೇಷ್ಟ್ರು, ಮೇಡಂಗಳು ಎಷ್ಟೋ ಜನ ಇದ್ದೀರಿ. ದಯವಿಟ್ಟು ವಾರಕ್ಕೆ ಒಂದು ಸಂಜೆ ಕೊಡಿ. ಗಣಿತದಲ್ಲಿ ಸಿಕ್ಕಿಕೊಂಡ ಹುಡುಗಿಗೆ ಕೇಳಲು ಒಬ್ಬರು ಸಿಕ್ಕರೆ ಸಾಕು, ಅವಳ ವರ್ಷ ಉಳಿಯುತ್ತದೆ.

ಭಾನುವಾರದ ಬೆಳಗ್ಗೆ ಸಂತೆ: ಸೊಪ್ಪು, ಅವರೆಕಾಯಿ, ಹೂವು. ಭಾನುವಾರದ ಸಂಜೆ ನಾಟಕವೋ ಹಾಡೋ ಕೋಲಾಟವೋ, ಬಡಾವಣೆಯವರದೇ. ಸ್ತ್ರೀಶಕ್ತಿ ಸಂಘದ ಸಭೆ ಯಾರದೋ ಮನೆಯ ವರಾಂಡದಲ್ಲಿ ಇಕ್ಕಟ್ಟಾಗಿ ನಡೆಯಬೇಕಿಲ್ಲ. ಯಾವ ಹೊತ್ತಿನಲ್ಲಿ ಏನು ಎಂಬುದನ್ನು ನೀವೇ ಹೇಳಿ. ಕಂಬಕ್ಕೆ ನೇತುಹಾಕುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ.

ಇದೇನೋ ಹೊಸ ಪ್ರಯೋಗ ಎಂದು ಯಾರೂ ಅಂಜಬೇಡಿ. ಈ ನಾಡಿನಲ್ಲಿ ಹಬ್ಬ, ಮದುವೆ, ಆಟ, ಸಂತೆ ಎಲ್ಲವೂ ಚಪ್ಪರದ ಕೆಳಗೇ ಬೆಳೆದವು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನವನ್ನು ನೆನೆಯಿರಿ. 1939ರಲ್ಲಿ ಎಸ್‌.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಬೇಸಿಗೆಯಲ್ಲಿ ಅಲ್ಲಿ ಪೆಂಡಾಲು ಏಳುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದು ಅಂಥ ಪೆಂಡಾಲಿನಲ್ಲಿ. ಟಿಕೆಟ್ ಕೊಳ್ಳಲಾಗದವರು ಹೊರಗೆ ರಸ್ತೆಬದಿಯಲ್ಲಿ ನಿಂತೇ ಕೇಳಿದ ಊರು ಇದು. ಉತ್ಸವ ಮುಗಿದರೆ ಪೆಂಡಾಲು ಇಳಿಯುತ್ತದೆ, ಮೈದಾನ ಮತ್ತೆ ಮಕ್ಕಳದು. ಕರಾವಳಿಯವರಿಗೆ ನಾವು ಹೇಳಿಕೊಡಬೇಕಾದ್ದೇ ಇಲ್ಲ: ಕೊಯ್ಲಾದ ಗದ್ದೆಯಲ್ಲಿ ಸಂಜೆ ಎದ್ದ ಯಕ್ಷಗಾನದ ರಂಗಸ್ಥಳ ಬೆಳಗಾಗುವಾಗ ಲಾರಿ ಏರಿರುತ್ತದೆ, ಮೇ ಕೊನೆಯ ಪತ್ತನಾಜೆ ಬಂತೆಂದರೆ ಮೇಳದ ತಿರುಗಾಟವೇ ಮುಗಿಯಿತು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ನಾಟಕ ಕಂಪನಿಗಳ ತಗಡಿನ ಥಿಯೇಟರುಗಳ ಸಾಲನ್ನು ನೋಡಿದ್ದೀರಿ. ಇವೆಲ್ಲ ನಡೆದದ್ದು, ನಡೆಯುತ್ತಿರುವುದು, ನೆಲವನ್ನು ಕೆಲವು ಕಾಲಕ್ಕೆ ಪಡೆದು ಹಾಗೆಯೇ ಹಿಂದಿರುಗಿಸುವವರ ಮಾತಿನ ಮೇಲೆ.

ನಮ್ಮ ಊರಲ್ಲೇ ಇತ್ತೀಚಿನ ಉದಾಹರಣೆಯೂ ಇದೆ. 2009ರಲ್ಲಿ ‘ಜಾಗ’ ಎಂಬ ಕಲಾತಂಡ, ವಾಸ್ತುಶಿಲ್ಪಿಯೊಬ್ಬರು ಸದ್ಯಕ್ಕೆಂದು ಬಿಟ್ಟುಕೊಟ್ಟ ನಿವೇಶನದಲ್ಲಿ, ಗೋದಾಮುಗಳಲ್ಲಿ ಸಾಮಾನು ಪೇರಿಸಿಡುವ ಉಕ್ಕಿನ ರ‍್ಯಾಕುಗಳನ್ನೇ ಜೋಡಿಸಿ ಮಹಡಿಯುಳ್ಳ ಕಟ್ಟಡ ನಿಲ್ಲಿಸಿತು. ಕಲಾವಿದರು, ತಂತ್ರಜ್ಞರು, ವಿದ್ಯಾರ್ಥಿಗಳು ಅಲ್ಲಿ ಸೇರುತ್ತಿದ್ದರು. ಬೋಲ್ಟು ಬಿಚ್ಚಿದರೆ ಕಟ್ಟಡವೇ ಬೇರೆಡೆಗೆ ಹೋಗುವಂತಿತ್ತು.

ದೂರದ ಒಂದು ಊರಿನ ಕಥೆಯನ್ನೂ ಹೇಳಲೇಬೇಕು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. 2010ರ ಸೆಪ್ಟೆಂಬರಿನಲ್ಲಿ ಅಲ್ಲಿ ಭೂಮಿ ನಡುಗಿತು. 2011ರ ಫೆಬ್ರವರಿ 22ರಂದು ಮತ್ತೆ ನಡುಗಿ 185 ಜನರನ್ನು ಬಲಿತೆಗೆದುಕೊಂಡಿತು. ಪೇಟೆಯ ನಡುಭಾಗಕ್ಕೆ ಬೇಲಿ ಬಿತ್ತು. ಬಿರುಕುಬಿಟ್ಟ ಕಟ್ಟಡಗಳನ್ನು ಒಂದೊಂದಾಗಿ ಕೆಡವಿದ ಮೇಲೆ ಉಳಿದದ್ದು ಜಲ್ಲಿ ಹರಡಿದ ಖಾಲಿ ಸೈಟುಗಳು, ಬೀದಿಗೆ ಬೀದಿಯೇ. ವಿಮೆಯ ತಕರಾರು, ಹೊಸ ನಕ್ಷೆ, ಸಾಲ: ಮತ್ತೆ ಕಟ್ಟಲು ವರ್ಷಗಳು ಬೇಕಿದ್ದವು. ಮೊದಲ ಭೂಕಂಪದ ಬೆನ್ನಿಗೇ ‘ಗ್ಯಾಪ್ ಫಿಲ್ಲರ್’ ಎಂಬ ತಂಡ ಹುಟ್ಟಿತು. ಬಿದ್ದ ಕಟ್ಟಡದ ಜಾಗದಲ್ಲಿ ಬಯಲು ಸಿನಿಮಾ ತೋರಿಸಿದರು, ಹಾಡು ಹಾಡಿಸಿದರು. 2012ರಲ್ಲಿ, ಲಾಂಡ್ರಿ ಅಂಗಡಿಯ ನಾಣ್ಯ ಹಾಕುವ ಹಳೆಯ ವಾಷಿಂಗ್ ಮೆಷಿನ್ ಒಂದನ್ನು ತಂದು, ಅದಕ್ಕೆ ಸ್ಪೀಕರು, ದೀಪ ಜೋಡಿಸಿ, ಮುಂದೆ ನೃತ್ಯದ ನೆಲ ಹಾಸಿದರು. ನಾಣ್ಯ ಹಾಕಿ, ಫೋನು ಸಿಕ್ಕಿಸಿ, ನಿಮ್ಮ ಹಾಡಿಗೆ ಕುಣಿಯಿರಿ. ನೃತ್ಯಶಾಲೆಗಳೂ ನೆಲಸಮವಾಗಿದ್ದ ಊರಿನಲ್ಲಿ ಜನ ಬಂದು ಕುಣಿದರು.

ಅದೇ ವರ್ಷದ ಕೊನೆಗೆ, ಹೋಟೆಲೊಂದನ್ನು ಕೆಡವಿದ ಜಾಗದಲ್ಲಿ, ಸರಕು ಹೊರುವ 3,000ಕ್ಕೂ ಹೆಚ್ಚು ಮರದ ಪ್ಯಾಲೆಟ್‌ಗಳನ್ನು ಪೇರಿಸಿ ‘ಪ್ಯಾಲೆಟ್ ಪೆವಿಲಿಯನ್’ ಕಟ್ಟಿದರು. ಕಟ್ಟಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಒಂದು ಬೇಸಿಗೆಗೆಂದು ಎದ್ದ ಗೋಡೆಗಳು ಅವು. ಬೇಸಿಗೆ ಮುಗಿದಾಗ ಊರಿನವರೇ ಹಣ ಕೂಡಿಸಿ ಇನ್ನೊಂದು ವರ್ಷ ಉಳಿಸಿಕೊಂಡರು. 2014ರ ಏಪ್ರಿಲಿನಲ್ಲಿ ಅದನ್ನು ಬಿಚ್ಚಿದರು. ಖಾಲಿ ಜಾಗದ ಒಡೆಯರಿಗೂ ಬಳಸುವವರಿಗೂ ನಡುವೆ ನಿಂತು ಒಪ್ಪಂದ ಮಾಡಿಸಲು ಅಲ್ಲಿ ಒಂದು ಟ್ರಸ್ಟೇ ಹುಟ್ಟಿತು: ಒಡೆಯರು 30 ದಿನ ಮೊದಲು ತಿಳಿಸಿದರೆ ಜಾಗ ತೆರವು ಮಾಡಿಕೊಡಬೇಕಿತ್ತು. ಜಾಗ ಕೇಳಿ ಬರೆದ ನಮ್ಮ ಅರ್ಜಿಯಲ್ಲೂ ಅಂಥದೇ ಸಾಲು ಸೇರಿಸಿದ್ದೇವೆ. ಜಾಗ ಕೊಡುವವರಿಗೆ ಜಾಗ ತಿರುಗಿ ಸಿಗುತ್ತದೆಂಬ ಧೈರ್ಯ ಬಂದರೆ ಅರ್ಧ ಕೆಲಸ ಆದಂತೆ.

ಕೆಲವು ಹಿರಿಯರು ಒಂದು ಆತಂಕ ಹೇಳಿದ್ದಾರೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ‘ಚಪ್ಪರ ಹಾಕಿಕೊಂಡು ಸುಮ್ಮನಾದರೆ, ನಿಮಗೆ ಇಷ್ಟೇ ಸಾಕಲ್ಲ ಎಂದು ಗ್ರಂಥಾಲಯ ಕೊಡದೇ ಹೋದಾರು.’ ಹಾಗಾಗಬಾರದು. ಅದಕ್ಕೇ ಚಪ್ಪರದಲ್ಲಿ ಒಂದು ಪುಸ್ತಕ ಇಡುತ್ತೇವೆ. ಯಾವ ದಿನ, ಯಾವ ಹೊತ್ತಿಗೆ, ಎಷ್ಟು ಜನ, ಯಾವ ಕೆಲಸಕ್ಕೆ ಬಂದರು ಎಂಬುದನ್ನು ದಿನಾ ಬರೆಯುತ್ತೇವೆ. ‘ನಮಗೆ ಗ್ರಂಥಾಲಯ ಬೇಕು’ ಎಂದು ಬರಿಗೈಲಿ ಹೋಗಿ ಕೇಳುವುದು ಬೇರೆ. ಇಷ್ಟು ಮಕ್ಕಳು ಇಷ್ಟು ಸಂಜೆ ಇಲ್ಲಿ ಕೂತು ಓದಿದ್ದಾರೆ ಎಂದು ಪುಸ್ತಕ ತೆರೆದು ತೋರಿಸುವುದು ಬೇರೆ. ಸದ್ಯಕ್ಕೆ ಬಳಸಿದ ಮಾತ್ರಕ್ಕೆ ಕಾಯಂ ಕಟ್ಟಡ ಕೈತಪ್ಪಬೇಕಿಲ್ಲ ಎಂಬುದಕ್ಕೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಲಾ ಲಟೀನಾ ಎಂಬ ಹಳೆಯ ಪೇಟೆಯವರೇ ಸಾಕ್ಷಿ. ಹೊಸದು ಕಟ್ಟುತ್ತೇವೆಂದು ಅವರ ಈಜುಕೊಳ, ಕ್ರೀಡಾಕೇಂದ್ರವನ್ನು 2009ರಲ್ಲಿ ಕೆಡವಲಾಗಿತ್ತು. ಆರ್ಥಿಕ ಬಿಕ್ಕಟ್ಟಿನಲ್ಲಿ ಹೊಸದಕ್ಕೆ ಹಣವಿಲ್ಲದಾಯಿತು. 2011ರಿಂದ ನಿವಾಸಿಗಳು ನಗರಸಭೆಯ ಒಪ್ಪಿಗೆ ಪಡೆದು ಆ ಗುಂಡಿಯಲ್ಲೇ ‘ಕ್ಯಾಂಪೊ ದೆ ಸೆಬಾದ’ ಎಂಬ ಬಯಲು ನಡೆಸಿದರು. ತರಕಾರಿ ಮಡಿ, ಸಿನಿಮಾ, ಚೆಂಡಾಟ, ಸಭೆ. ಕೂರುವ ಮೆಟ್ಟಿಲುಗಳನ್ನು ಅವರೇ ಮರದಲ್ಲಿ ಮಾಡಿಕೊಂಡರು. ಕೊನೆಗೆ ಹೊಸ ಕ್ರೀಡಾಕೇಂದ್ರದ ಕಾಮಗಾರಿಗೆ ಜಾಗ ಬಿಟ್ಟುಕೊಟ್ಟರು.

ಜೆ.ಪಿ. ನಗರದ ರಂಗಶಂಕರ ನಿಂತಿರುವುದೂ ಒಂದು ಸಿ.ಎ. ಸೈಟಿನ ಮೇಲೇ. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ. ಅವರ ನೆನಪಿನ ಆ ರಂಗಮಂದಿರದ ಬಾಗಿಲು ತೆರೆದದ್ದು 2004ರಲ್ಲಿ. ಅರುಂಧತಿ ನಾಗ್ ಅವರಂಥ ಹಟವಾದಿಗಳು ಹಿಂದೆ ಬಿದ್ದರೂ ಒಳ್ಳೆಯ ಕಟ್ಟಡಕ್ಕೆ ಅಷ್ಟು ಕಾಲ ಹಿಡಿಯಿತು. ಕಾಯೋಣ, ಹಿಂದೆ ಬೀಳೋಣ. ಕಾಯುವಾಗ ಕೂರಲು ನೆರಳು ಇರಲಿ.

‘ಇದರಲ್ಲಿ ಮಾತಾಡಲು ನಾವು ಯಾರು?’ ಎಂದು ಬಾಡಿಗೆಯ ಮನೆಯವರೊಬ್ಬರು ಕೇಳಿದರು. ಕಾನೂನು ಏನು ಹೇಳುತ್ತದೆ ತಿಳಿದುಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಕನಿಷ್ಠ ಶೇ. 10 ನಾಗರಿಕ ಸೌಕರ್ಯಕ್ಕೆ ಇರಬೇಕು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ, ಆ ಹಂಚಿಕೆ ಸಲ್ಲದು ಎಂದಿತು. ಇದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂದೂ ಹೇಳಿತು. ಆ ತೀರ್ಪನ್ನು ದೇಶದ ಕೋರ್ಟುಗಳು ಇಂದಿಗೂ ನೆನೆಯುತ್ತವೆ. ಬಡಾವಣೆಯಲ್ಲಿ ಬದುಕುವವರಿಗೆ ಅದರ ನೆಲದ ಬಗ್ಗೆ ಮಾತಾಡುವ ಹಕ್ಕಿದೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದಾದರೂ ನಿಮ್ಮ ಮಕ್ಕಳು ಆಡುವುದು ಇಲ್ಲೇ.

ಆದರೆ ಹಕ್ಕಿದೆ ಎಂದು ಬೇಲಿ ಹಾರುವುದಿಲ್ಲ. ಜಾಗದ ಹೊಣೆ ಹೊತ್ತಿರುವ ಕಚೇರಿಯಿಂದ ಬರಹದಲ್ಲಿ ಅನುಮತಿ ಬರುವವರೆಗೆ ಒಂದು ಗುಂಡಿಯನ್ನೂ ತೋಡುವುದಿಲ್ಲ. ಪೊಲೀಸ್ ಠಾಣೆಗೂ ಅಗ್ನಿಶಾಮಕ ಠಾಣೆಗೂ ಪತ್ರ ಹೋಗುತ್ತದೆ. ದೀಪಕ್ಕೆ ತಾತ್ಕಾಲಿಕ ವಿದ್ಯುತ್ ಸಂಪರ್ಕ ಪಡೆಯುತ್ತೇವೆ, ಕಂಬದಿಂದ ಕೊಕ್ಕೆ ಹಾಕುವ ಮಾತೇ ಇಲ್ಲ.

ಬಿಚ್ಚುವ ದಿನದ ಬಗ್ಗೆ ನಾವು ಇಷ್ಟು ಕಟ್ಟುನಿಟ್ಟಾಗಿ ಮಾತಾಡುವುದು ಯಾಕೆಂದು ನಿಮಗೂ ಗೊತ್ತು. ಈ ಊರಿನಲ್ಲಿ ಸದ್ಯಕ್ಕೆಂದು ಬಂದದ್ದು ಎಷ್ಟೋ ಕಡೆ ಬೇರುಬಿಟ್ಟಿದೆ. ಮೊದಲು ಒಂದು ಬಾವುಟ, ಆಮೇಲೆ ಒಂದು ಕಟ್ಟೆ, ಆಮೇಲೆ ತಗಡು, ಕೊನೆಗೆ ಬೀಗ. ಆಮೇಲೆ ಅದು ಯಾರದೋ ಜಾಗ, ಎಲ್ಲರದಲ್ಲ. ಆದ್ದರಿಂದ ನಮ್ಮ ಚಪ್ಪರದಲ್ಲಿ ಯಾವ ಪಕ್ಷದ ಬಾವುಟವೂ ಇಲ್ಲ, ಯಾವ ನಾಯಕರ ಫ್ಲೆಕ್ಸೂ ಇಲ್ಲ. ವಿಗ್ರಹ, ಶಿಲುಬೆ, ಹಸಿರು ಚಾದರ ಯಾವುದನ್ನೂ ಪ್ರತಿಷ್ಠಾಪಿಸುವಂತಿಲ್ಲ. ಪ್ರಾರ್ಥನೆಗೆ ನಮಗೆಲ್ಲ ನಮ್ಮ ನಮ್ಮ ಜಾಗಗಳಿವೆ, ಅವುಗಳ ಬಗ್ಗೆ ಗೌರವವಿದೆ. ಇದು ಒಟ್ಟಿಗೆ ಕೂರುವ ಜಾಗ. ಗೇಟಿಲ್ಲ, ಬೀಗವಿಲ್ಲ, ಪ್ರವೇಶ ಶುಲ್ಕವಿಲ್ಲ. ಚಪ್ಪರದ ಹೆಸರಿನಲ್ಲಿ ಯಾರೂ ಅಂಗಡಿ ಇಡುವಂತಿಲ್ಲ. ಭಾನುವಾರದ ಸಂತೆಯವರು ಮಧ್ಯಾಹ್ನಕ್ಕೆ ಜಾಗ ಗುಡಿಸಿ ಹೊರಡಬೇಕು. ಮೈಕಿನ ಬಗ್ಗೆ ಎರಡನೇ ಅಡ್ಡರಸ್ತೆಯವರ ಸಿಟ್ಟು ನ್ಯಾಯವಾದದ್ದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುತ್ತದೆ ಕಾನೂನು. ನಾವು ಭಾನುವಾರ ಒಂದು ದಿನ ಮಾತ್ರ ಮೈಕು ಹಾಕುತ್ತೇವೆ, ರಾತ್ರಿ 8.30ಕ್ಕೆ ನಿಲ್ಲಿಸುತ್ತೇವೆ. ಪರೀಕ್ಷೆ ಶುರುವಾದ ಮೇಲೆ ಅದೂ ಇಲ್ಲ.

ಗರಿಗೆ ಬೆಂಕಿಯ ಭಯವಿದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಒಲೆ, ಗ್ಯಾಸು, ಪಟಾಕಿ, ಬೀಡಿ ಸಿಗರೇಟು ಚಪ್ಪರದೊಳಗೆ ಬರಕೂಡದು. ಕಾಫಿ ಕಾಯಿಸುವುದು ಬೇಲಿಯ ಹೊರಗೆ. ನಾಲ್ಕು ಮೂಲೆಯಲ್ಲಿ ಮರಳಿನ ಬಕೆಟ್ಟು, ನೀರಿನ ಡ್ರಮ್ಮು. ನಾಲ್ಕೂ ಬದಿ ತೆರೆದಿರುವುದರಿಂದ ಓಡಿಹೋಗಲು ದಾರಿ ಎಲ್ಲೆಡೆ ಇದೆ. ವೈರಿಂಗ್ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ನಮ್ಮ ಬಡಾವಣೆಯಲ್ಲಿ ಅಂಥವರು ಇದ್ದರೆ ಮುಂದೆ ಬನ್ನಿ. ಚಪ್ಪರ ಕಟ್ಟಿ ಕೈ ಪಳಗಿದ ಹಿರಿಯರಿದ್ದರಂತೂ ನಿಮ್ಮ ಮಾತೇ ನಮಗೆ ಅಂತಿಮ. ಗಂಟು ಹಾಕುವುದನ್ನು ಹುಡುಗರಿಗೆ ಕಲಿಸಿ, ಇಲ್ಲವಾದರೆ ಆ ವಿದ್ಯೆ ನಿಮ್ಮ ಜೊತೆಗೇ ಹೋಗಿಬಿಡುತ್ತದೆ.

ಹಣದ ಮಾತು. ಯಾರ ಮನೆಗೂ ರಸೀದಿ ಪುಸ್ತಕ ಹಿಡಿದು ಬರುವುದಿಲ್ಲ. ಕೊಡುವವರು ಕಂಬವೋ ಗಳವೋ ಹಗ್ಗದ ಸುರುಳಿಯೋ ಒಂದು ಬೆಂಚೋ, ವಸ್ತುವಾಗಿ ಕೊಡಿ. ಏನೂ ಕೊಡಲಾಗದವರು ಎರಡು ಗಂಟೆ ಕೈ ಕೊಡಿ. ಲೆಕ್ಕದಲ್ಲಿ ಎರಡೂ ಒಂದೇ. ಬಂದದ್ದು, ಹೋದದ್ದು ಎಲ್ಲ ಚಪ್ಪರದ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತೇವೆ. ಬಿಚ್ಚಿದ ಮೇಲೆ ಕಂಬ ಮಾರಿ ಬಂದ ಹಣ ಶಾಲೆ ಬಿಟ್ಟ ಮಕ್ಕಳ ಪುಸ್ತಕಕ್ಕೋ ಮುಂದಿನ ವರ್ಷದ ಚಪ್ಪರಕ್ಕೋ ಎಂಬುದನ್ನು ಅಂದು ಕೂತು ತೀರ್ಮಾನಿಸೋಣ. ಗರಿ ಗೊಬ್ಬರದ ಗುಂಡಿಗೆ.

ಈಗ ಮಾಡಬೇಕಾದ್ದು. ಅರ್ಜಿಗೆ ಸಹಿ ಬೇಕು. ಹದಿನೆಂಟು ತುಂಬಿದ, ಈ ಬಡಾವಣೆಯಲ್ಲಿ ಇರುವ ಅಥವಾ ದುಡಿಯುವ ಎಲ್ಲರೂ ಹಾಕಬಹುದು. ಹೆಬ್ಬೆಟ್ಟೂ ಸಹಿಯೇ. ಹಾಲಿನ ಬೂತಿನ ಪಕ್ಕ ಪ್ರತಿದಿನ ಬೆಳಗ್ಗೆ 6ರಿಂದ 8ರವರೆಗೆ ಅರ್ಜಿಯ ಹಾಳೆ ಇರುತ್ತದೆ. ಮನೆಯಿಂದ ಹೊರಬರಲಾಗದ ಹಿರಿಯರ ಮನೆಗೆ ನಾವೇ ಬರುತ್ತೇವೆ. ಒಪ್ಪಿಗೆ ಇಲ್ಲದವರೂ ಬನ್ನಿ. ನಿಮ್ಮ ಆಕ್ಷೇಪವನ್ನು ಅದೇ ಹಾಳೆಯ ಹಿಂದೆ ಬರೆಯಿರಿ. ಅದನ್ನು ಮುಚ್ಚಿಡದೆ ಅರ್ಜಿಯ ಜೊತೆಗೇ ಕಳಿಸುತ್ತೇವೆ.

ಬರುವ ಭಾನುವಾರ ಬೆಳಗ್ಗೆ 7 ಗಂಟೆಗೆ ಸೈಟಿನ ಮುಂದಿನ ಹೊಂಗೆಮರದ ಕೆಳಗೆ ಸಭೆ. ಅಂದು ಬೇಲಿಯ ಹೊರಗಿನ ಫುಟ್‌ಪಾತಿನ ಕಸ, ಪಾರ್ಥೇನಿಯಂ ತೆಗೆಯುವ ಕೆಲಸವಿದೆ. ಪೂರ್ತಿ ತೋಳಿನ ಅಂಗಿ, ಶೂ, ಕೈಗವಸು ಹಾಕಿಕೊಂಡು ಬನ್ನಿ; ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ, ಉಬ್ಬಸ ಇರುವವರು ಕಳೆ ಕೀಳುವುದು ಬೇಡ, ನೀರು ಹಂಚಲು ಬನ್ನಿ. ಸನಿಕೆ, ಗುದ್ದಲಿ, ಬಾಣಲಿ, ಗೋಣಿಚೀಲ ಇದ್ದವರು ತನ್ನಿ. ಮಕ್ಕಳನ್ನು ಕರೆತನ್ನಿ, ಗಾಜಿನ ಚೂರಿರುವ ಕಡೆ ಅವರನ್ನು ಬಿಡಬೇಡಿ. ಉಪ್ಪಿಟ್ಟು, ಕಾಫಿ ಮೊದಲನೇ ಅಡ್ಡರಸ್ತೆಯವರದು. ತಟ್ಟೆ ಲೋಟ ನಿಮ್ಮ ಮನೆಯಿಂದಲೇ ತನ್ನಿ.

ಓದಿದ ಮೇಲೆ ಈ ಹಾಳೆಯನ್ನು ಎಸೆಯದೆ ಪಕ್ಕದ ಮನೆಯವರಿಗೆ ಕೊಡಿ.

— ಬಡಾವಣೆಯ ನೆರೆಹೊರೆಯವರು